ಬೆಳ್ಳಿ ಹಿಡಿಯಲಿ, ಉಕ್ಕು ಸವೆಯಲಿ

ತೋಟದ ಮನೆಯ ಉಗ್ರಾಣದಲ್ಲಿ ಮೂಲೆ ಸೇರಿದ ಹಳೆಯ ಸಾಮಾನುಗಳಲ್ಲಿ ಪೂರ್ತಿ ಕೆಟ್ಟಿರುವುದು ಕಡಿಮೆ. ಕೈಯಲ್ಲಿ ತಿರುಗಿಸುವ ಕಾಫಿ ಮಿಲ್ಲಿನ ಹಲ್ಲುಗಳು ಇನ್ನೂ ಬೀಜ ಪುಡಿ ಮಾಡುತ್ತವೆ, ಹಿಡಿಕೆ ಕೂರುವ ಚೌಕ ಮಾತ್ರ ಉರುಟಾಗಿರುತ್ತದೆ. ಗೋಡೆ ಗಡಿಯಾರದ ಚಕ್ರಗಳೆಲ್ಲ ನೆಟ್ಟಗಿರುತ್ತವೆ, ಕೀ ಕೊಟ್ಟ ಸ್ಪ್ರಿಂಗು ಹಿಂದಕ್ಕೆ ಬಿಚ್ಚಿಕೊಳ್ಳದಂತೆ ತಡೆಯುವ ನಾಲಿಗೆಯ ತುದಿ ಮೊಂಡಾಗಿರುತ್ತದೆ. ಅಂಗೈಯಗಲದ ಲಿವರ್ ಬೀಗದಲ್ಲಿ ಕೆಟ್ಟಿರುವುದು ಬಹಳ ಸಲ ಬೀಗವೇ ಅಲ್ಲ, ಬೀಗದ ಕೈಯ ಹಲ್ಲು. ಸವೆದಿರುವ ಜಾಗ ಕಿರುಬೆರಳಿನ ಉಗುರಿಗಿಂತ ಚಿಕ್ಕದು. ಅಷ್ಟಕ್ಕಾಗಿ ಇಡೀ ಯಂತ್ರ ಗುಜರಿಗೆ ಹೋಗುವುದು ಅನ್ಯಾಯ.

ಅದನ್ನು ಉಳಿಸಿಕೊಳ್ಳಲು ಇರುವ ದಾರಿಗಳಲ್ಲಿ ಬೆಳ್ಳಿ ಬೆಸುಗೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ನಾಜೂಕಿನದು. ಆರ್ಕ್ ವೆಲ್ಡಿಂಗಿನಲ್ಲಿ ಕಡ್ಡಿ ಮುಟ್ಟಿಸಿದ ಜಾಗವೇ ಕರಗಿಹೋಗುತ್ತದೆ. ಎರಡು ಮಿಲಿಮೀಟರ್ ದಪ್ಪದ ಭಾಗ ಸೊಟ್ಟಗಾಗಿ, ಅಂಚು ತಿಂದುಹೋಗಿ, ಅರಕ್ಕೂ ಬಗ್ಗದಷ್ಟು ಗಡುಸಾದ ಗುಳ್ಳೆಗಳು ಉಳಿಯುತ್ತವೆ. ರೇಡಿಯೊ ರಿಪೇರಿಯ ತವರ-ಸೀಸದ ಬೆಸುಗೆಯೋ, 190 ಡಿಗ್ರಿ ಸೆಲ್ಸಿಯಸ್ ಒಳಗೇ ಕರಗುತ್ತದೆ; ಬಲ ಬೀಳುವ ಕಡೆ ಅದು ನಿಲ್ಲುವುದಿಲ್ಲ. ಬೆಳ್ಳಿ ಬೆಸುಗೆ ಇವೆರಡರ ನಡುವಿನದು. ಮೂಲ ಲೋಹ ಕರಗುವುದಿಲ್ಲ, ಮಂಕು ಕೆಂಪಿಗೆ ಬಂದರೆ ಸಾಕು. ಕರಗಿದ ಬೆಸುಗೆ ಎರಡು ಲೋಹಗಳ ನಡುವಿನ ಸಂದಿನೊಳಗೆ ದೀಪದ ಬತ್ತಿಗೆ ಎಣ್ಣೆ ಏರಿದ ಹಾಗೆ ತಾನೇ ಏರುತ್ತದೆ.

ಈ ‘ಸಂದು’ ಎಂಬ ಮಾತಿನಲ್ಲೇ ಕೆಲಸದ ಗುಟ್ಟಿದೆ, ಬಹಳ ಜನ ಎಡವುವುದೂ ಇಲ್ಲೇ. ಸವೆದ ಜಾಗದ ಮೇಲೆ ಬೆಸುಗೆಯನ್ನೇ ಗುಡ್ಡೆ ಹಾಕಿ, ಅರದಿಂದ ಉಜ್ಜಿ ಆಕಾರಕ್ಕೆ ತರುತ್ತಾರೆ. ಅಂದಿಗೆ ಎಲ್ಲವೂ ಚೆಂದವಾಗಿಯೇ ಕಾಣುತ್ತದೆ, ನಾಲ್ಕು ತಿಂಗಳಲ್ಲಿ ಮೊದಲಿಗಿಂತ ಬೇಗ ಸವೆಯುತ್ತದೆ. ಬೆಳ್ಳಿ ಬೆಸುಗೆ ಉಕ್ಕಿನ ಮುಂದೆ ತೀರಾ ಮೆದು, ಉಜ್ಜಾಟ ತಡೆಯುವ ಲೋಹ ಅದಲ್ಲ. ಆದರೆ ಎರಡು ಮುಖಗಳ ನಡುವೆ ಕೂದಲೆಳೆಯಷ್ಟು ತೆಳುವಾಗಿ ನಿಂತಾಗ ಅದರ ಹಿಡಿತ ಅದರ ಸ್ವಂತ ಬಲಕ್ಕಿಂತಲೂ ಹೆಚ್ಚು. ಹಾಗಾಗಿ ಸವೆದ ಜಾಗಕ್ಕೆ ತೆಳುವಾದ ಉಕ್ಕಿನ ತುಂಡನ್ನು ಕೂರಿಸಬೇಕು. ಸವೆಯುವ ಕೆಲಸ ಉಕ್ಕಿಗಿರಲಿ, ಹಿಡಿದುಕೊಳ್ಳುವ ಕೆಲಸ ಮಾತ್ರ ಬೆಳ್ಳಿಗೆ. ಸಂದು 0.05ರಿಂದ 0.12 ಮಿ.ಮೀ. ಇದ್ದರೆ ಸರಿ. ಇದಕ್ಕಿಂತ ಬಿಗಿಯಾದರೆ ಬೆಸುಗೆ ಒಳಗೆ ಹೋಗುವುದಿಲ್ಲ, ಸಡಿಲವಾದರೆ ಏರುವುದಿಲ್ಲ, ಏರಿದರೂ ಗಟ್ಟಿಯಿರುವುದಿಲ್ಲ.

ಅಂಗಡಿಯಲ್ಲಿ ‘ಸಿಲ್ವರ್ ರಾಡ್’ ಎಂದು ಕೇಳಿದರೆ ಯಾವುದನ್ನಾದರೂ ಕೊಟ್ಟುಬಿಡುತ್ತಾರೆ. ಫ್ರಿಜ್ಜು, ಎ.ಸಿ. ರಿಪೇರಿಯವರು ತಾಮ್ರದ ಕೊಳವೆಗೆ ಬಳಸುವ ಕಡ್ಡಿಯಲ್ಲಿ ತಾಮ್ರ ಮತ್ತು ರಂಜಕವೇ ಹೆಚ್ಚು, ಬೆಳ್ಳಿ ಕಡಿಮೆ, ಕೆಲವದರಲ್ಲಿ ಇಲ್ಲವೇ ಇಲ್ಲ. ತಾಮ್ರಕ್ಕೆ ಅದು ಸೊಗಸಾದ ಕಡ್ಡಿ, ಫ್ಲಕ್ಸ್ (ಕಾದ ಲೋಹದ ಮೇಲಿನ ತುಕ್ಕನ್ನು ಹೀರಿ ಬೆಸುಗೆ ಹರಡಲು ಬಿಡುವ ಪುಡಿ) ಕೂಡ ಬೇಡ. ಆದರೆ ಉಕ್ಕಿಗೂ ಕಬ್ಬಿಣಕ್ಕೂ ಅದನ್ನು ಮುಟ್ಟಿಸಬಾರದು. ರಂಜಕ ಕಬ್ಬಿಣದ ಜೊತೆ ಸೇರಿ ಸಂದಿನ ಉದ್ದಕ್ಕೂ ಗಾಜಿನಂಥ ಪೆಡಸು ಪದರ ಕಟ್ಟುತ್ತದೆ. ನೋಡಲು ಬೆಸುಗೆ ತುಂಬಿಕೊಂಡಂತಿರುತ್ತದೆ, ಒಂದು ಪೆಟ್ಟು ಬಿದ್ದರೆ ‘ಟಿಕ್’ ಎಂದು ಬಿಟ್ಟುಕೊಳ್ಳುತ್ತದೆ. ನಮ್ಮ ಕೆಲಸಕ್ಕೆ ಬೇಕಾದದ್ದು ಬೆಳ್ಳಿ, ತಾಮ್ರ, ಸತುವಿನ ಮಿಶ್ರಲೋಹ. 45 ಭಾಗ ಬೆಳ್ಳಿ, 30 ತಾಮ್ರ, 25 ಸತು ಇರುವ ಕಡ್ಡಿ 663 ಡಿಗ್ರಿಯಲ್ಲಿ ಕರಗಲು ಶುರುವಾಗಿ 743ರಲ್ಲಿ ಪೂರ್ತಿ ನೀರಾಗುತ್ತದೆ. 56 ಭಾಗ ಬೆಳ್ಳಿಯ ಜೊತೆ 5 ಭಾಗ ತವರವೂ ಇರುವ ಕಡ್ಡಿ 618ರಿಂದ 652ರೊಳಗೆ ಕೆಲಸ ಮುಗಿಸುತ್ತದೆ. ಸಣ್ಣ ಭಾಗಗಳಿಗೆ ನಾನು ಹೇಳುವುದು ಈ ಎರಡನೆಯದನ್ನೇ. ಬೆಲೆ ಹೆಚ್ಚು ನಿಜ, ಆದರೆ ಒಂದು ಭಾಗಕ್ಕೆ ಬೇಕಾಗುವುದು ಎಳ್ಳುಕಾಳಿನಷ್ಟು.

45 ಭಾಗ ಬೆಳ್ಳಿಯ ಇನ್ನೊಂದು ಹಳೆಯ ಕಡ್ಡಿಯಿದೆ. ಅದರಲ್ಲಿ ಸುಮಾರು ಕಾಲು ಭಾಗ ಕ್ಯಾಡ್ಮಿಯಂ. 607ರಿಂದ 618 ಡಿಗ್ರಿಯೊಳಗೆ ನೀರಿನಂತೆ ಹರಿಯುವುದರಿಂದ ಹಳೆಯ ಕೆಲಸಗಾರರಿಗೆ ಅದೆಂದರೆ ಬಹಳ ಇಷ್ಟ. ಆದರೆ ಕ್ಯಾಡ್ಮಿಯಂ 767 ಡಿಗ್ರಿಗೆ ಕುದಿಯುತ್ತದೆ, ಜ್ವಾಲೆ ತುಸು ಹೆಚ್ಚು ಹೊತ್ತು ನಿಂತರೆ ಆ ಮಟ್ಟ ತಲುಪಲು ತಡವಿಲ್ಲ. ಆ ಹೊಗೆ ಶ್ವಾಸಕೋಶಕ್ಕೆ ವಿಷ. ಉಸಿರಾಡಿದ ಕೂಡಲೇ ಏನೂ ಅನ್ನಿಸದೆ, ಕೆಲವು ಗಂಟೆಗಳ ನಂತರ ಜ್ವರ ಬಂದಂತೆ ಶುರುವಾಗಿ ಪ್ರಾಣಕ್ಕೇ ಎರವಾಗಬಹುದು. ಆಷಾಢದ ಮಳೆಗೆ ಕಿಟಕಿ ಬಾಗಿಲು ಮುಚ್ಚಿಕೊಂಡು ಕೂರುವ ನಮ್ಮ ಕಡೆಯ ಕೆಲಸದ ಕೋಣೆಗಳಲ್ಲಂತೂ ಆ ಕಡ್ಡಿ ಬೇಡವೇ ಬೇಡ. ಕೊಳ್ಳುವಾಗ ‘ಕ್ಯಾಡ್ಮಿಯಂ ಇಲ್ಲದ್ದು’ ಎಂದು ಬಾಯಿಬಿಟ್ಟು ಕೇಳಿ, ಪೊಟ್ಟಣದ ಮೇಲೆ ಓದಿ ನೋಡಿ.

ಇನ್ನು ಫ್ಲಕ್ಸ್. ಅಕ್ಕಸಾಲಿಗಳ ಬಿಳಿಗಾರವೇ ಸಾಕಲ್ಲ ಎಂದು ಕೇಳುವವರಿದ್ದಾರೆ. ಬಿಳಿಗಾರ ಕರಗಿ ಹರಿಯುವುದು 740 ಡಿಗ್ರಿಯ ಆಸುಪಾಸಿನಲ್ಲಿ. 650ಕ್ಕೇ ಕರಗುವ ಬೆಸುಗೆಗೆ ಅದನ್ನು ಹಾಕಿದರೆ ಬೆಸುಗೆ ನೀರಾಗಿರುತ್ತದೆ, ಗಾರ ಇನ್ನೂ ಅಂಟುಅಂಟಾಗಿರುತ್ತದೆ. ಬೆಸುಗೆ ಹರಡದೆ ಪಾದರಸದಂತೆ ಉಂಡೆಗಟ್ಟಿ ಉರುಳುತ್ತದೆ. ಕಡಿಮೆ ಶಾಖದ ಬೆಸುಗೆಗೆ ಫ್ಲೋರೈಡ್ ಸೇರಿಸಿದ ಬಿಳಿ ಪುಡಿಯ ಫ್ಲಕ್ಸೇ ಆಗಬೇಕು. ಅದು 550 ಡಿಗ್ರಿ ಸುತ್ತಮುತ್ತ ಕೆಲಸ ಶುರುಮಾಡುತ್ತದೆ. ಅದರ ಹೊಗೆ ಕಣ್ಣು ಗಂಟಲು ಉರಿಸುತ್ತದೆ, ಗಾಯಕ್ಕೆ ತಾಗಿದರೆ ಬೇಗ ಮಾಯುವುದಿಲ್ಲ. ಗಾಳಿಯಾಡುವ ಜಗುಲಿಯಲ್ಲಿ, ಆದರೆ ನೆರಳಿನಲ್ಲಿ ಕೂತು ಕೆಲಸ ಮಾಡುವುದು ಮೇಲು. ನೆರಳು ಏಕೆಂದರೆ, ಬಿಸಿಲಿನಲ್ಲಿ ಮಂಕು ಕೆಂಪು ಕಣ್ಣಿಗೆ ಕಾಣುವುದೇ ಇಲ್ಲ. ಮೋಡ ಮುಸುಕಿದ ನಮ್ಮ ಮಧ್ಯಾಹ್ನಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ.

ಗಡಿಯಾರದ ಆ ನಾಲಿಗೆಯನ್ನೇ ತೆಗೆದುಕೊಳ್ಳೋಣ. ಮುಖ್ಯ ಸ್ಪ್ರಿಂಗಿನ ಬಿಗಿಯನ್ನು ಪೂರ್ತಿ ಇಳಿಸದೆ ಅದನ್ನು ಬಿಚ್ಚಕೂಡದು, ಬೆರಳು ಹೋದೀತು. ಬಿಚ್ಚಿದ ಮೇಲೆ ಸೀಮೆಎಣ್ಣೆಯಲ್ಲಿ ತೊಳೆದು, ಸೋಪು ನೀರಿನಲ್ಲಿ ಉಜ್ಜಿ ಒಣಗಿಸಿ. ತುದಿ 0.4 ಮಿ.ಮೀ. ಸವೆದಿದೆ ಎನ್ನೋಣ. ಸವೆದ ಮುಖ ಉರುಟಾಗಿರುತ್ತದೆ, ಉರುಟಿನ ಮೇಲೆ ಏನೂ ಸರಿಯಾಗಿ ಕೂರುವುದಿಲ್ಲ. ಇನ್ನೂ 0.2 ಮಿ.ಮೀ. ಅರ ಹಾಕಿ ಮುಖವನ್ನು ಸಪಾಟು ಮಾಡಿ. ಇದ್ದದ್ದನ್ನೂ ಕಳೆಯುವುದಕ್ಕೆ ಮನಸ್ಸು ಒಪ್ಪುವುದಿಲ್ಲ, ಆದರೂ ಮಾಡಬೇಕು. ಈಗ ಕೊರತೆ 0.6 ಮಿ.ಮೀ. ಕೈಗರಗಸದ ಬ್ಲೇಡಿನ ದಪ್ಪ 0.63 ಮಿ.ಮೀ. ಸುಮಾರು, ಲೆಕ್ಕಕ್ಕೆ ತಾಳೆಯಾಗುತ್ತದೆ. ಸಂದಿನ ಬೆಸುಗೆಯ ದಪ್ಪ ಸೇರಿದರೆ ಕಡೆಯಲ್ಲಿ ಉಜ್ಜಿ ಹೊಂದಿಸಲು ಚೂರು ಉಳಿಯುತ್ತದೆ.

ಆ ಬ್ಲೇಡು ಯಾವುದು ಎಂಬುದು ಮುಖ್ಯ. ಮಾಮೂಲಿ ಇಂಗಾಲದ ಉಕ್ಕು 220 ಡಿಗ್ರಿಗೆ ಹುಲ್ಲಿನ ಬಣ್ಣ, 300ಕ್ಕೆ ನೀಲಿ, ಅಲ್ಲಿಂದ ಮೇಲೆ ಏರಿದಷ್ಟೂ ಮೆದು. ಬೆಸುಗೆಯ ಶಾಖಕ್ಕೆ ಅದರ ಹದ, ಅಂದರೆ ಕಾಯಿಸಿ ಅದ್ದಿ ಕೊಟ್ಟ ಗಡಸುತನ, ಎಲ್ಲ ಇಳಿದುಹೋಗಿರುತ್ತದೆ. ಮತ್ತೆ ಹದ ಕೊಡೋಣವೆಂದರೆ 780-800 ಡಿಗ್ರಿಗೆ ಕಾಯಿಸಬೇಕು, ಅಷ್ಟರಲ್ಲಿ ಬೆಸುಗೆ ಕರಗಿ ತುಂಡು ಜಾರಿಬಿಡುತ್ತದೆ. ಲೋಹ ಕತ್ತರಿಸುವ ಹತ್ಯಾರಗಳಿಗೆ ಬಳಸುವ ಹೈಸ್ಪೀಡ್ ಉಕ್ಕು ಹಾಗಲ್ಲ. ಸುಮಾರು 600 ಡಿಗ್ರಿಯವರೆಗೆ ಗಡಸುತನ ಬಿಟ್ಟುಕೊಡುವುದಿಲ್ಲ. 650ಕ್ಕೆ ಅರ್ಧ ನಿಮಿಷ ಹೋಗಿಬಂದರೂ ಹಳೆಯ ನಾಲಿಗೆಗಿಂತ ಗಟ್ಟಿಯಾಗಿಯೇ ಉಳಿಯುತ್ತದೆ. ಕಡಿಮೆ ಶಾಖದ ಬೆಸುಗೆಗೆ ಹೆಚ್ಚು ದುಡ್ಡು ಕೊಡುವುದು ಇದಕ್ಕೇ. ಆದರೆ ‘ಬೈಮೆಟಲ್’ ಎಂದು ಬರೆದ ಬ್ಲೇಡಿನಲ್ಲಿ ಹಲ್ಲಿನ ಅಂಚು ಮಾತ್ರ ಹೈಸ್ಪೀಡ್, ಬೆನ್ನು ಮೆದು ಉಕ್ಕು. ಪೂರ್ತಿ ಹೈಸ್ಪೀಡ್ ಬ್ಲೇಡನ್ನೇ ಹುಡುಕಿ. ಅದನ್ನು ಅರದಿಂದ ಕತ್ತರಿಸಲಾಗದು, ಗ್ರೈಂಡರ್ ಚಕ್ರಕ್ಕೆ ಕೊಟ್ಟು ಗೆರೆ ಕೊರೆದು ಮುರಿಯಬೇಕು, ಕಣ್ಣಿಗೆ ಕನ್ನಡಕ ಹಾಕಿಕೊಂಡು. ಮೇಲಿನ ಬಣ್ಣವನ್ನು ಎರಡೂ ಕಡೆ ಹೊಳಪು ಲೋಹ ಕಾಣುವವರೆಗೆ ಕೆರೆಯಿರಿ. ಕನ್ನಡಿಯಂತೆ ನುಣುಪು ಬೇಡ, 220ರ ಎಮರಿ ಕಾಗದದ ಗೀರುಗಳಿದ್ದರೆ ಬೆಸುಗೆ ಚೆನ್ನಾಗಿ ಹರಡುತ್ತದೆ.

ಕೂರುವ ಜಾಗ 6 ಮಿ.ಮೀ. ಉದ್ದ, 4 ಮಿ.ಮೀ. ಅಗಲ, ಸಂದು 0.1 ಮಿ.ಮೀ. ಎಂದಾದರೆ ತುಂಬಬೇಕಾದದ್ದು 2.4 ಘನ ಮಿಲಿಮೀಟರ್. ಒಂದೂವರೆ ಮಿ.ಮೀ. ಕಡ್ಡಿಯಲ್ಲಿ ಅದು ಒಂದೂಕಾಲರಿಂದ ಒಂದೂವರೆ ಮಿ.ಮೀ. ಉದ್ದದ ತುಂಡು. ಎರಡು ಮಿ.ಮೀ. ಕತ್ತರಿಸಿಕೊಂಡರೆ ಧಾರಾಳ. ಕಡ್ಡಿಯನ್ನೇ ಕೈಯಲ್ಲಿ ಹಿಡಿದು ಜ್ವಾಲೆಗೆ ತುರುಕಿದರೆ ಹತ್ತುಪಟ್ಟು ಬೀಳುತ್ತದೆ, ಆಮೇಲೆ ಅದನ್ನು ಕೆರೆದು ತೆಗೆಯುವುದರಲ್ಲೇ ದಿನ ಹೋಗುತ್ತದೆ. ತುಂಡನ್ನು ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಿ ಸಂದಿನ ಬಾಯಿಗೆ ಇಡಿ. ಫ್ಲಕ್ಸನ್ನು ನಾಲ್ಕು ಹನಿ ನೀರಿನಲ್ಲಿ ದೋಸೆಹಿಟ್ಟಿನ ಹದಕ್ಕೆ ಕಲಸಿ ಎರಡೂ ಮುಖಕ್ಕೆ, ಬೆಸುಗೆಯ ತುಂಡಿಗೂ ಸವರಿ. ತೆಳು ಕಬ್ಬಿಣದ ತಂತಿಯಿಂದ ಕಟ್ಟಿ. ಉಸಿರುಗಟ್ಟುವಷ್ಟು ಬಿಗಿ ಬೇಡ, ಸಂದು ಮುಚ್ಚಿಹೋಗುತ್ತದೆ. ತಂತಿಯಲ್ಲಿ ಒಂದು ಸಣ್ಣ ಮಡಿಕೆ ಹಾಕಿದರೆ ಭಾಗ ಕಾದು ಹಿಗ್ಗಿದಾಗ ಅದು ತುಸು ಬಿಟ್ಟುಕೊಡುತ್ತದೆ. ಬೆಸುಗೆ ಹರಿಯಬಾರದ ಕಡೆ, ಮುಖ್ಯವಾಗಿ ಪಿನ್ನಿನ ತೂತಿನ ಒಳಗೆ, ಪೆನ್ಸಿಲ್ ಸೀಸ ತಿಕ್ಕಿ, ಇಲ್ಲವೇ ಕೆಮ್ಮಣ್ಣು ಕಲಸಿ ಹಚ್ಚಿ.

ಇದ್ದಿಲ ತುಂಡು ಅಥವಾ ಬೆಂಕಿ ಇಟ್ಟಿಗೆಯ ಮೇಲಿಟ್ಟು ಎಲ್‌ಪಿಜಿ ಟಾರ್ಚಿನ ಮೆತ್ತಗಿನ ಜ್ವಾಲೆಯಿಂದ ಕಾಯಿಸಿ. ಇಂಥ ಚಿಕ್ಕ ಭಾಗಕ್ಕೆ ಆಕ್ಸಿ-ಅಸಿಟಿಲೀನ್ ಬೇಡ, ಕಣ್ಣು ಮಿಟುಕಿಸುವಷ್ಟರಲ್ಲಿ ಅಂಚು ಕರಗಿರುತ್ತದೆ. ಮೊದಲು ದಪ್ಪ ಭಾಗಕ್ಕೆ ಜ್ವಾಲೆ ಕೊಡಿ, ತೆಳು ತುಂಡು ಪಕ್ಕದ ಶಾಖದಲ್ಲೇ ಕಾಯುತ್ತದೆ. ಫ್ಲಕ್ಸ್ ಮೊದಲು ಕುದಿಯುತ್ತದೆ, ಆಮೇಲೆ ಮಂಡಕ್ಕಿಯಂತೆ ಬೆಳ್ಳಗೆ ಉಬ್ಬುತ್ತದೆ. ಈ ಹೊತ್ತಿನಲ್ಲಿ ಬೆಸುಗೆಯ ತುಂಡು ಜಾರಿದರೆ ಕಡ್ಡಿಯ ತುದಿಯಿಂದ ಒತ್ತಿ ಮತ್ತೆ ಕೂರಿಸಿ. ಉಬ್ಬಿದ್ದು ಇಳಿದು ತಿಳಿನೀರಿನಂತೆ ಹೊಳೆಯಿತೆಂದರೆ 600 ಡಿಗ್ರಿಯ ಹತ್ತಿರ ಬಂದಿದೆ. ಆಗ ಜ್ವಾಲೆಯನ್ನು ಬೆಸುಗೆ ಇಟ್ಟದ್ದರ ಎದುರು ಬದಿಗೆ ತಿರುಗಿಸಿ. ಬೆಸುಗೆ ಯಾವಾಗಲೂ ಬಿಸಿ ಹೆಚ್ಚಿರುವ ಕಡೆಗೆ ಓಡುತ್ತದೆ. ಈ ಬದಿ ಕರಗಿ, ಆ ಬದಿಯಲ್ಲಿ ಬೆಳ್ಳಿಯ ಗೆರೆ ಮಿಂಚಿದರೆ ಸಂದು ತುಂಬಿತು. ಜ್ವಾಲೆ ತೆಗೆಯಿರಿ, ಹತ್ತೆಣಿಸುವವರೆಗೆ ಮುಟ್ಟಬೇಡಿ.

ಎದುರು ಬದಿಯಲ್ಲಿ ಆ ಗೆರೆ ಕಾಣದಿದ್ದರೆ ಶಾಖ ಸಾಲದು ಎಂದುಕೊಂಡು ಇನ್ನಷ್ಟು ಕಾಯಿಸುವುದು ಎಲ್ಲರೂ ಮಾಡುವ ತಪ್ಪು. ಫ್ಲಕ್ಸಿಗೂ ಒಂದು ಆಯುಷ್ಯವಿದೆ. ಒಂದೆರಡು ನಿಮಿಷ ಕಾದರೆ ಅದು ತುಕ್ಕನ್ನು ಹೀರುವ ಶಕ್ತಿ ಕಳೆದುಕೊಂಡು ಕಪ್ಪಾಗುತ್ತದೆ. ಆಮೇಲೆ ಸಾವಿರ ಡಿಗ್ರಿಗೆ ಒಯ್ದರೂ ಬೆಸುಗೆ ಹರಿಯುವುದಿಲ್ಲ, ಬದಲಿಗೆ ಅದರಲ್ಲಿನ ಸತು ಹೊಗೆಯಾಗಿ ಹೋಗಿ ಬೆಸುಗೆಯೇ ತೂತುತೂತಾಗುತ್ತದೆ. ಆರಿಸಿ, ಬಿಚ್ಚಿ, ಮತ್ತೆ ಉಜ್ಜಿ, ಹೊಸ ಫ್ಲಕ್ಸ್ ಹಾಕಿ ಮೊದಲಿನಿಂದ ಮಾಡುವುದೇ ಸರಿ.

ಉಳಿದ ಫ್ಲಕ್ಸ್ ಗಾಜಿನಂತೆ ಗಟ್ಟಿಯಾಗಿರುತ್ತದೆ, ಅದರ ಮೇಲೆ ಅರ ಎಳೆದರೆ ಅರವೇ ಹಾಳು. ಕೈ ಸುಡುವಷ್ಟು ಬಿಸಿ ನೀರಿನಲ್ಲಿ ಕಾಲು ಗಂಟೆ ನೆನೆಹಾಕಿದರೆ ಬಿಡುತ್ತದೆ. ಹಿತ್ತಾಳೆಯ ಭಾಗವಾದರೆ ಹುಣಸೆಹುಳಿ ನೀರಿನಲ್ಲಿ ಕುದಿಸಿದರೆ ಕಪ್ಪೂ ಹೋಗಿ ಬಣ್ಣ ಬರುತ್ತದೆ. ಚೂರು ಫ್ಲಕ್ಸ್ ಉಳಿದರೂ ಮಲೆನಾಡಿನ ತೇವಕ್ಕೆ ಉಕ್ಕಿನ ಭಾಗ ಬೇಗನೆ ಕಂದು ತುಕ್ಕು ಕಾರಲು ಶುರುಮಾಡುತ್ತದೆ. ಆಮೇಲೆ ಹೊಂದಿಸುವ ಕೆಲಸ. ನಾಲಿಗೆಯ ಮುಖಕ್ಕೆ ದೀಪದ ಮಸಿ ಹಿಡಿಸಿ, ಹಲ್ಲಿನ ಚಕ್ರಕ್ಕೆ ತಾಗಿಸಿ ತಿರುಗಿಸಿ. ಮಸಿ ಅಳಿಸಿದ ಕಡೆ ಮಾತ್ರ ಎಣ್ಣೆಕಲ್ಲಿನಿಂದ ಉಜ್ಜಿ. ಹತ್ತು ಸಲ ಹಾಕಿ ತೆಗೆದರೂ ಬೇಸರ ಬೇಡ. ಇಡೀ ರಿಪೇರಿಯಲ್ಲಿ ಹೆಚ್ಚು ಹೊತ್ತು ಬೇಡುವುದು, ಬೇಡಬೇಕಾದದ್ದು ಇದೇ.

ಬೀಗದ ಕೈಯ ಹಲ್ಲಿಗೂ ಇದೇ ಕ್ರಮ. ಅದು ಮೆದು ಕಬ್ಬಿಣ, ಹದದ ಚಿಂತೆಯಿಲ್ಲ. ಬೀಗದ ಒಳಗಿನ ಲಿವರುಗಳನ್ನು ಕಾಯಿಸುವ ಮುನ್ನ ಅವಕ್ಕೆ ಸಿಕ್ಕಿಸಿದ ಎಲೆ ಸ್ಪ್ರಿಂಗನ್ನು ತೆಗೆಯಲೇಬೇಕು. ಕಾದ ಸ್ಪ್ರಿಂಗು ಮತ್ತೆ ಸ್ಪ್ರಿಂಗಾಗುವುದಿಲ್ಲ. ಕಾಫಿ ಮಿಲ್ಲಿನ ಚೌಕಕ್ಕೆ ಒಂದೇ ಬದಿಗೆ ತುಂಡು ಹಾಕಿದರೆ ಹಿಡಿಕೆ ನಡುವಿನಿಂದ ಸರಿದು ಓಲಾಡುತ್ತದೆ. ಎದುರುಬದುರು ಮುಖಗಳಿಗೆ ಒಂದೇ ದಪ್ಪದ ತುಂಡು ಹಾಕಬೇಕು.

ನಮ್ಮ ಜಿಲ್ಲೆಯಲ್ಲಿ ಈ ಕೆಲಸ ಹೆಚ್ಚಾಗಿ ಬೇಕಾಗುವುದು ಹಿತ್ತಾಳೆಯ ಸ್ಪ್ರೇ ಪಂಪಿಗೆ. ಕಾಫಿಗೆ ಮುಂಗಾರಿಗೆ ಮೊದಲು ಒಮ್ಮೆ, ಮಳೆ ಇಳಿದ ಮೇಲೆ ಒಮ್ಮೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ, ಅಡಿಕೆಗೆ ಕೊಳೆರೋಗಕ್ಕೆಂದು ಹೊಡೆಯುತ್ತಾರೆ. ಮೈಲುತುತ್ತಕ್ಕೆ ಸುಣ್ಣ ಸಾಕಷ್ಟು ಬಿದ್ದಿದೆಯೇ ಎಂದು ನೋಡಲು ದ್ರಾವಣದಲ್ಲಿ ಚಾಕು ಅದ್ದುತ್ತಾರಲ್ಲ, ಸುಣ್ಣ ಸಾಲದಿದ್ದರೆ ಚಾಕುವಿನ ಮೇಲೆ ಕೆಂಪು ತಾಮ್ರ ಕೂರುತ್ತದೆ. ಅಂಥ ದ್ರಾವಣ ಪಂಪಿನೊಳಗಿನ ಉಕ್ಕಿನ ಮೇಲೂ ಅದನ್ನೇ ಮಾಡುತ್ತದೆ. ತಾಮ್ರ ಕೂರುತ್ತಾ ಕಬ್ಬಿಣ ಕರಗುತ್ತಾ ಹೋಗುತ್ತದೆ. ಆದ್ದರಿಂದ ಇಲ್ಲಿ ಉಕ್ಕಿನ ತುಂಡು ಸಲ್ಲದು. ಗುಂಡಿನ ವಾಲ್ವು ಕೂರುವ ಸೀಟು ತಿಂದುಹೋಗಿದ್ದರೆ ಲೇತಿನಲ್ಲಿ ಹಿತ್ತಾಳೆಯ ಬಳೆ ತಿರುವಿಸಿ ಕೂರಿಸಬೇಕು. ಲೇತಿನವರು ಹೆಮ್ಮೆಯಿಂದ ಸುತ್ತಿಗೆ ಹೊಡೆದೇ ಇಳಿಯುವಷ್ಟು ಬಿಗಿಯಾಗಿ ಕಡೆದು ಕೊಡುತ್ತಾರೆ, ಅದಕ್ಕೆ ಬೆಸುಗೆ ಇಳಿಯುವುದಿಲ್ಲ. ಸುತ್ತ 0.1 ಮಿ.ಮೀ., ಅಂದರೆ ವ್ಯಾಸದಲ್ಲಿ 0.2 ಮಿ.ಮೀ. ಸಡಿಲ ಬಿಡಿ ಎಂದು ಮೊದಲೇ ಹೇಳಬೇಕು. ಹಿತ್ತಾಳೆಯೊಳಗೆ ಹಿತ್ತಾಳೆಯಾದರೆ ಎರಡೂ ಒಂದೇ ಸಮ ಹಿಗ್ಗುತ್ತವೆ. ಬೇರೆ ಯಾವುದಾದರೂ ಯಂತ್ರದಲ್ಲಿ ಹಿತ್ತಾಳೆಯೊಳಗೆ ಉಕ್ಕಿನ ಬುಷ್ ಕೂರಿಸುವುದಾದರೆ ಲೆಕ್ಕ ಬದಲಾಗುತ್ತದೆ. 20 ಮಿ.ಮೀ. ತೂತು ಬೆಸುಗೆಯ ಶಾಖಕ್ಕೆ ಉಕ್ಕಿಗಿಂತ ಸುಮಾರು 0.09 ಮಿ.ಮೀ. ಹೆಚ್ಚು ಅಗಲವಾಗುತ್ತದೆ, ತಣ್ಣಗಿರುವಾಗ ಬಿಡುವ ಸಡಿಲ ಅಷ್ಟರಮಟ್ಟಿಗೆ ಕಡಿಮೆಯಿರಬೇಕು.

ಸ್ಪ್ರೇ ಗನ್ನಿನ ಉದ್ದ ಕೊಳವೆ ಬಿಟ್ಟುಕೊಂಡರೆ ತುದಿಗೆ ತುದಿ ತಾಗಿಸಿ ಬೆಸೆಯಬೇಡಿ. ಹೊರಗೆ ಒಂದು ತೋಳು ಏರಿಸಿ, ಕೊಳವೆಯ ದಪ್ಪದ ಮೂರು ಪಟ್ಟಾದರೂ ಎರಡೂ ಕಡೆ ಮೇಲೆ ಹತ್ತಿರಲಿ. ಹಿತ್ತಾಳೆ ಸುಮಾರು 900 ಡಿಗ್ರಿಯಲ್ಲಿ ಕರಗುತ್ತದೆ, ಅಂತರ ತುಂಬಾ ಇಲ್ಲ. ಬಿಳಿ ಹೊಗೆ ಕಂಡರೆ ಅದರ ಸತು ಹಾರುತ್ತಿದೆ ಎಂದರ್ಥ, ಜ್ವಾಲೆ ಹಿಂದೆ ತೆಗೆಯಿರಿ. ಬಗ್ಗಿಸಿದ ಕೊಳವೆಯಲ್ಲಿ ಒಳಬಿಗಿತ ಉಳಿದಿದ್ದರೆ ಕರಗಿದ ಬೆಸುಗೆ ತಾಗಿದ ಕ್ಷಣ ಬಿರುಕು ಬಿಡುತ್ತದೆ. ಮೊದಲೇ ಒಮ್ಮೆ ಮಂಕು ಕೆಂಪಿಗೆ ಕಾಯಿಸಿ ಆರಿಸಿದರೆ ಆ ಕಾಟವಿಲ್ಲ.

ಹಳೆಯ ಪಂಪುಗಳ ದೊಡ್ಡ ಶತ್ರು ಹಿಂದಿನವರ ರಿಪೇರಿ. ರೇಡಿಯೇಟರ್ ಅಂಗಡಿಯ ಸೀಸದ ಬೆಸುಗೆ ಎಲ್ಲಾದರೂ ಮೆತ್ತಿದ್ದರೆ, ಅದನ್ನು ಹೊಳೆಯುವ ಹಿತ್ತಾಳೆ ಕಾಣುವವರೆಗೆ ಪೂರ್ತಿ ಕೆರೆದು ತೆಗೆಯದೆ ಬೆಳ್ಳಿಗೆ ಕೈ ಹಾಕಬೇಡಿ. ಕೆಂಪು ಶಾಖದಲ್ಲಿ ಸೀಸ ಮತ್ತು ತವರ ಹಿತ್ತಾಳೆಯನ್ನು ಗೆದ್ದಲಿನಂತೆ ಕೊರೆಯುತ್ತವೆ, ಬೆಳ್ಳಿಯ ಬೆಸುಗೆಯನ್ನೂ ಪೆಡಸು ಮಾಡುತ್ತವೆ. ಒತ್ತಡ ತಡೆಯುವ ಗಾಳಿಗುಂಡು ಸೀಳಿದ್ದರೆ ಅದನ್ನು ಬೆಸೆಯುವ ಯೋಚನೆಯೇ ಬೇಡ, ಬದಲಿಸಿ. ಟೊಳ್ಳಾಗಿ ಮುಚ್ಚಿರುವ ಯಾವುದನ್ನೂ ಗಾಳಿ ಹೋಗಲು ತೂತಿಲ್ಲದೆ ಕಾಯಿಸಬಾರದು, ಸಿಡಿಯುತ್ತದೆ. ಸೀಮೆಎಣ್ಣೆ ಇದ್ದ ಪೆಟ್ರೋಮ್ಯಾಕ್ಸ್ ಟ್ಯಾಂಕಿಗಂತೂ ಮನೆಯಲ್ಲಿ ಜ್ವಾಲೆ ತೋರಿಸಬೇಡಿ.

ಹಿತ್ತಾಳೆಯ ಕಾಫಿ ಫಿಲ್ಟರಿನ ಹಿಡಿ ಬೆಸೆಯುವುದಾದರೆ ಒಳಗಿನ ಕಲಾಯಿ ಹೋಯಿತೆಂದೇ ತಿಳಿಯಿರಿ. ತವರ 232 ಡಿಗ್ರಿಗೇ ಕರಗುತ್ತದೆ. ಕಲಾಯಿಯ ತವರವೂ ಬೆಸುಗೆಗೆ ಸೇರಬಾರದು, ಮೊದಲು ಆ ಜಾಗ ಕೆರೆದು, ಬೆಸೆದು, ಕೊನೆಗೆ ಕಲಾಯಿ ಮಾಡಿಸಬೇಕು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿನ ಉರುಳೆಗೆ ಸುತ್ತಿದ ಉಬ್ಬುಮೊನೆಯ ತಾಮ್ರದ ತಗಡಿಗೆ ಬೆಳ್ಳಿ ಬೆಸುಗೆ ನನ್ನ ಪ್ರಕಾರ ತಪ್ಪು. ಕಾದ ತಾಮ್ರ ಮೆತ್ತಗಾಗಿ ಮೊನೆಗಳು ಒಂದೇ ಕೊಯ್ಲಿಗೆ ಚಪ್ಪಟೆಯಾಗುತ್ತವೆ. ಬೀಡು ಕಬ್ಬಿಣದ ಒಡಲಲ್ಲಿ ಗ್ರಾಫೈಟ್ ಇರುವುದರಿಂದ ಬೆಸುಗೆ ಅಂಟಲು ತಕರಾರು ಮಾಡುತ್ತದೆ. ಇತ್ತೀಚಿನ ಅಗ್ಗದ ಬೀಗದ ಒಡಲು, ಕಾರ್ಬ್ಯುರೇಟರುಗಳಂಥ ಸತುವಿನ ಎರಕಗಳು 400 ಡಿಗ್ರಿಗೇ ಕುಸಿದು ರಾಡಿಯಾಗುತ್ತವೆ. ಅರ ಹಾಕಿ ನೋಡಿ, ಬೂದು ಬಣ್ಣ ಕಂಡರೆ ಜ್ವಾಲೆ ಹಚ್ಚಬೇಡಿ.

ಮಲೆನಾಡಿನ ಮನೆಗಳಲ್ಲಿ ಹಿರಿಯರ ಕಾಲದ ಕೋವಿ, ರಿವಾಲ್ವರ್ ಇರುವುದುಂಟು. ರಿವಾಲ್ವರಿನಲ್ಲಿ ಗುಂಡಿನ ಉರುಳೆಯನ್ನು ತಿರುಗಿಸುವ ನಾಲಿಗೆ ಸವೆಯುವುದೂ ಗಡಿಯಾರದ ನಾಲಿಗೆಯಂತೆಯೇ. ಆದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅದರ ರಿಪೇರಿಗೂ ಪರವಾನಗಿ ಬೇಕು. ಕೆಲಸ ಪರವಾನಗಿ ಇರುವ ಕೋವಿ ರಿಪೇರಿಯವರದ್ದೇ. ಗುಂಡಿನ ಒತ್ತಡ ತಡೆಯುವ ನಳಿಗೆ, ಉರುಳೆಗಳಿಗೆ ಬೆಸುಗೆಯ ಶಾಖ ಕೊಟ್ಟರೆ ಉಕ್ಕಿನ ಹದ ಇಳಿಯುತ್ತದೆ, ಮುಂದಿನ ಗುಂಡಿಗೆ ಅದು ಕೈಯಲ್ಲೇ ಸಿಡಿದೀತು.

ಬೆಸೆದ ಪಂಪನ್ನು ತೋಟಕ್ಕೆ ಒಯ್ಯುವ ಮುನ್ನ ಬರೀ ನೀರು ತುಂಬಿ ಪರೀಕ್ಷೆ ಮಾಡಬೇಕು. ಗಾಳಿಯಿಂದ ಮಾಡಿದರೆ ಬಿಟ್ಟುಕೊಂಡಾಗ ಸಿಡಿಯುತ್ತದೆ, ನೀರಾದರೆ ಚಿಮ್ಮಿ ನಿಲ್ಲುತ್ತದೆ. ಸಿಂಪಡಿಸುವಾಗಿನ ಒತ್ತಡಕ್ಕೆ ಏರಿಸಿ ನಾಜಲ್ ಮುಚ್ಚಿ ಹತ್ತು ನಿಮಿಷ ಬಿಡಿ, ಸಂದಿನ ಸುತ್ತ ಒಣಬಟ್ಟೆ ಸುತ್ತಿ. ಬಟ್ಟೆಯಲ್ಲಿ ಒದ್ದೆ ಚುಕ್ಕೆ ಮೂಡಿದರೆ ಫ್ಲಕ್ಸ್ ಸಿಕ್ಕಿಕೊಂಡ ತೂತಿದೆ ಎಂದರ್ಥ. ಮೇಲಿನಿಂದ ಬೆಸುಗೆ ಸವರದೆ, ಬಿಚ್ಚಿ ಮತ್ತೆ ಮಾಡಿ. ಉಳಿದ ಫ್ಲಕ್ಸ್ ಡಬ್ಬಿಯ ಮುಚ್ಚಳಕ್ಕೆ ಮೇಣ ಹಚ್ಚಿ ಅಟ್ಟದ ಮೇಲೆ, ಒಲೆಯ ಬಿಸುಪು ತಾಗುವ ಕಡೆ ಇಡಿ. ಜುಲೈ ತಿಂಗಳ ಗಾಳಿಗೆ ಅದು ತೇವ ಹೀರಿ ಕಲ್ಲಾಗಿ ಕೂರುತ್ತದೆ.